ಹಳೇ ಬ್ರಿಟಿಷ್ ನೌಕಾ ವಿಮಾನದ ಫೋಟೋ: ಹೊಟ್ಟೆ ಯಾಕೆ ಇಷ್ಟು ಕಪ್ಪು?

ಅವೆನ್ಯೂ ರೋಡ್ ಓದುಗ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಹುಡುಕುತ್ತಿದ್ದೆ. ಒಂದು ಡಿಕ್ಷನರಿಯ ಒಳಗೆ ಕಂದು ಲಕೋಟೆ ಸಿಕ್ಕಿತು. ಅದರಲ್ಲಿ ಮೂರು ಕಪ್ಪು ಬಿಳುಪು ಫೋಟೋ, ಮೂರೂ ಬ್ರಿಟಿಷ್ ವಿಮಾನದ್ದು. ಅಂಗಡಿಯವರು ಮೂರಕ್ಕೂ ಸೇರಿ ಇನ್ನೂರು ರೂಪಾಯಿ ಹೇಳಿದರು. ಚೌಕಾಸಿ ಮಾಡದೆ ಕೊಟ್ಟು ತಂದೆ.

ಎರಡನ್ನು ನಾನೇ ಗುರುತಿಸಿದೆ. ಒಂದು ಫೇರಿ ಕಂಪನಿಯ ಫೈರ್‌ಫ್ಲೈ. ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಮೈಗೆ ಒತ್ತಿಕೊಂಡು ನಿಂತಿದೆ. ಇನ್ನೊಂದು ಹಡಗಿನ ಡೆಕ್ ಮೇಲೆ ಇಳಿಯುತ್ತಿರುವ ಜೆಟ್, ಎರಡು ಬಾಲದ ಕಂಬ ಇರುವ ಸೀ ವ್ಯಾಂಪೈರ್.

ಮೂರನೆಯದೇ ಗೊತ್ತಾಗುತ್ತಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ. ಒಂದೇ ಎಂಜಿನ್. ರೆಕ್ಕೆ ಹೆಗಲ ಮಟ್ಟದಲ್ಲಿದೆ. ಉದ್ದನೆಯ ಗಾಜಿನ ಮುಚ್ಚಳ, ಒಬ್ಬರ ಹಿಂದೆ ಒಬ್ಬರು ಮೂರು ಜನ ಕೂರಬಹುದು. ಚಕ್ರದ ಕಾಲು ನೇರವಾಗಿಲ್ಲ, ಮೊಣಕಾಲು ಮಡಚಿದ ಹಾಗೆ ಬಾಗಿದೆ. ರೆಕ್ಕೆಯ ಹಿಂದಂಚಿನ ಕೆಳಗೆ ಇನ್ನೊಂದು ಪುಟ್ಟ ರೆಕ್ಕೆ ನೇತುಹಾಕಿದಂತಿದೆ. ಬಾಲದ ಕೆಳಗೆ ಡೆಕ್ ಮೇಲಿನ ತಂತಿಗೆ ಸಿಕ್ಕಿಸಿ ನಿಲ್ಲುವ ಹುಕ್ಕು ಇದೆ, ಅಂದರೆ ಹಡಗಿನ ವಿಮಾನ. ಮೈಮೇಲೆ ‘ಪಿ 17’ ಅಂತ ಇದೆ, ಅಲ್ಲಿಂದ ಮುಂದೆ ಫೋಟೋ ಮಡಚಿ ಮಡಚಿ ಪದರ ಎದ್ದುಹೋಗಿದೆ.

ಹೊಟ್ಟೆ ಮಾತ್ರ ಕಾಡಿಗೆ ಬಳಿದಷ್ಟು ಕಪ್ಪು. ರಾತ್ರಿ ಹೋಗಿ ಬಾಂಬ್ ಹಾಕುವ ವಿಮಾನಗಳ ಹೊಟ್ಟೆಗೆ ಕಪ್ಪು ಬಣ್ಣ ಹೊಡೆಯುತ್ತಿದ್ದರು ಅಂತ ಓದಿದ್ದೇನೆ. ನೌಕಾಪಡೆಯಲ್ಲೂ ಹಾಗೆ ಇತ್ತಾ? ಗೊತ್ತಿದ್ದವರು ಹೇಳಿ.

ತುಮಕೂರು ಡಾರ್ಕ್‌ರೂಮ್

ಅಣ್ಣ, ವಿಮಾನದ ಬಗ್ಗೆ ನನಗೆ ಗೊತ್ತಿಲ್ಲ. ಫೋಟೋ ಬಗ್ಗೆ ಗೊತ್ತು. ನಮ್ಮಪ್ಪ ಮೂವತ್ತು ವರ್ಷ ಸ್ಟುಡಿಯೋ ಇಟ್ಟಿದ್ದರು, ಫಿಲ್ಮ್ ತೊಳೆಯುವುದನ್ನು ಅವರಿಂದಲೇ ಕಲಿತೆ. ಆ ಹೊಟ್ಟೆ ಕಪ್ಪು ಅಂತ ಈಗಲೇ ನಂಬಬೇಡಿ.

ಹಳೇ ಕಾಲದಲ್ಲಿ ಎರಡು ಥರ ಫಿಲ್ಮ್ ಇದ್ದವು. ಒಂದು ಆರ್ಥೊಕ್ರೊಮ್ಯಾಟಿಕ್. ಅದಕ್ಕೆ ಕೆಂಪು ಬೆಳಕು ಕಾಣುವುದೇ ಇಲ್ಲ. ಅದಕ್ಕೇ ಅಪ್ಪ ಕೆಂಪು ಬಲ್ಬ್ ಹಾಕಿಕೊಂಡು ನೋಡುತ್ತಾ ತೊಳೆಯುತ್ತಿದ್ದರು. ಇನ್ನೊಂದು ಪ್ಯಾನ್‌ಕ್ರೊಮ್ಯಾಟಿಕ್, ಅದಕ್ಕೆ ಎಲ್ಲಾ ಬಣ್ಣವೂ ಕಾಣುತ್ತದೆ. ಅದನ್ನು ತೊಳೆಯುವಾಗ ಬಲ್ಬ್ ಆರಿಸಿ, ಕೈಯಳತೆಯಲ್ಲೇ ಕೆಲಸ.

ಆರ್ಥೊದಲ್ಲಿ ಕೆಂಪು ಕಪ್ಪಾಗುತ್ತದೆ. ಹಳದಿಯೂ ಎಷ್ಟೋ ಸಲ ಗಾಢವಾಗಿ ಬರುತ್ತದೆ. ನೀಲಿ ಬೆಳ್ಳಗಾಗುತ್ತದೆ. ನಿಮ್ಮ ಮನೆಯಲ್ಲೂ ಅಜ್ಜಿಯ ಮದುವೆ ಫೋಟೋ ಇದ್ದರೆ ತೆಗೆದು ನೋಡಿ. ಹಣೆಯ ಕುಂಕುಮ ಕಡುಗಪ್ಪಾಗಿ ಕಾಣುತ್ತದೆ, ಅಲ್ವಾ? ಅಜ್ಜಿ ಇಟ್ಟದ್ದು ಕೆಂಪು ಕುಂಕುಮವೇ.

ಈಗ ಒಂದು ಕೆಲಸ ಮಾಡಿ. ಬ್ರಿಟಿಷ್ ವಿಮಾನದ ಮೈಮೇಲೆ ದುಂಡು ಗುರುತು ಇರುತ್ತದಲ್ಲ, ಅದನ್ನು ಭೂತಗನ್ನಡಿ ಹಿಡಿದು ನೋಡಿ. ನಡುವಿನ ಬೊಟ್ಟು, ಅದರ ಸುತ್ತಲಿನ ಬಳೆಗಳು, ಯಾವುದು ಕಪ್ಪು ಯಾವುದು ಬಿಳುಪು ಅಂತ ಒಂದೊಂದೇ ಬರೆಯಿರಿ.

ಅವೆನ್ಯೂ ರೋಡ್ ಓದುಗ

ನೋಡಿದೆ ತಂಗಿ. ನಡುವಿನ ಬೊಟ್ಟು ಕಪ್ಪು. ಅದರ ಸುತ್ತ ಬಿಳಿ. ಅದರಾಚೆ ತಿಳಿ ಬೂದು ಬಣ್ಣದ ಬಳೆ. ಎಲ್ಲಕ್ಕಿಂತ ಹೊರಗೆ ಇನ್ನೊಂದು ಬಳೆ, ಅದು ಮತ್ತೆ ಗಾಢ. ಹೊಟ್ಟೆಯ ಕಪ್ಪಿಗೂ ಈ ಹೊರಗಿನ ಬಳೆಗೂ ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ.

ಕಾರವಾರದ ಕಡಲು

ಹಾಗಾದರೆ ಮುಗಿಯಿತು, ಹೊಟ್ಟೆ ಹಳದಿ.

1940ರ ಬೇಸಿಗೆಯಿಂದ ಬ್ರಿಟಿಷ್ ವಿಮಾನಗಳ ಮೈಪಕ್ಕದ ಗುರುತಿನಲ್ಲಿ ನಡುವೆ ಕೆಂಪು, ಆಮೇಲೆ ಬಿಳಿ, ಆಮೇಲೆ ನೀಲಿ, ಎಲ್ಲಕ್ಕಿಂತ ಹೊರಗೆ ಹಳದಿ. ನಿಮ್ಮ ಫೋಟೋದಲ್ಲಿ ಕೆಂಪು ಕಪ್ಪಾಗಿದೆ, ನೀಲಿ ತಿಳಿಯಾಗಿದೆ. ಹಳದಿ ಬಳೆ ಗಾಢವಾಗಿದೆ. ಹೊಟ್ಟೆಯೂ ಅದೇ ಬಣ್ಣ ಅಂದರೆ ಹೊಟ್ಟೆಗೆ ಹೊಡೆದದ್ದೂ ಹಳದಿ. ತುಮಕೂರಿನವರು ವಿಮಾನ ಗೊತ್ತಿಲ್ಲ ಅಂದುಕೊಂಡೇ ಅರ್ಧ ಒಗಟು ಬಿಡಿಸಿಬಿಟ್ಟರು. ಬಹಳ ಸಂತೋಷವಾಯಿತು.

ಹಳದಿ ಹೊಟ್ಟೆ ಅಂದರೆ ಇನ್ನೂ ಪರೀಕ್ಷೆಯಲ್ಲಿದ್ದ ವಿಮಾನ, ಪ್ರೊಟೊಟೈಪ್. ಅದಕ್ಕೆ ಕಾರಣ ಇತ್ತು. ಯಾರೂ ಹಿಂದೆ ನೋಡದ ಆಕಾರ ಆಕಾಶದಲ್ಲಿ ಕಂಡರೆ ಕೆಳಗಿದ್ದ ಬ್ರಿಟಿಷ್ ಗನ್ನಿನವರೇ ಶತ್ರು ಅಂತ ಹೊಡೆದುಬಿಡುವ ಅಪಾಯ. ಕೆಳಗಿನಿಂದ ನೋಡಿದರೆ ಹಳದಿ ಕಾಣಬೇಕು, ನಮ್ಮವರೇ ಅಂತ ಗೊತ್ತಾಗಬೇಕು. ಮಸ್ಕಿಟೊ ಅನ್ನುವ ಬ್ರಿಟಿಷ್ ಯುದ್ಧವಿಮಾನದ ಮೊದಲನೆಯದು, ಡಬ್ಲ್ಯೂ 4050 ಕೂಡ 1940ರ ನವೆಂಬರ್ 25ರಂದು ಹ್ಯಾಟ್‌ಫೀಲ್ಡ್‌ನಲ್ಲಿ ಹಾರಿದ್ದು ಹಳದಿ ಬಣ್ಣದಲ್ಲೇ. ಎರಡನೇ ಮಹಾಯುದ್ಧ ಮುಂದುವರಿದ ಹಾಗೆ ಪ್ರೊಟೊಟೈಪ್‌ಗಳ ಪಕ್ಕಕ್ಕೆ ವೃತ್ತದೊಳಗೆ ‘ಪಿ’ ಅಂತ ಬರೆಯುವ ರೂಢಿಯೂ ಬಂತು. ಇನ್ನು ಕೆಲವುಗಳ ನಂಬರಿನ ಕೊನೆಗೆ ಗೀಟು ಎಳೆದು ‘ಜಿ’ ಅಂತ ಇರುತ್ತದೆ. ಅದು ಗಾರ್ಡ್. ಅಂಥ ವಿಮಾನ ನೆಲದ ಮೇಲಿದ್ದಷ್ಟು ಹೊತ್ತೂ ಕಾವಲು ಇರಲೇಬೇಕು. ಬ್ರಿಟನ್ನಿನ ಮೊದಲ ಜೆಟ್, ಗ್ಲಾಸ್ಟರ್ ಕಂಪನಿಯ ಡಬ್ಲ್ಯೂ 4041/ಜಿ, ಹಾಗೇ ಕಾವಲಿನಲ್ಲಿ ಬೆಳೆದದ್ದು.

ನಿಮ್ಮ ವಿಮಾನ ಫೇರಿ ಬ್ಯಾರಕುಡಾ ಅನಿಸುತ್ತದೆ. ನಾನು ನೌಕಾಪಡೆಯಲ್ಲಿ ಸೀ ಹಾಕ್ ಜೆಟ್ ಮೇಲೆ ಕೆಲಸ ಮಾಡಿದವನು. ಹಡಗಿನ ವಿಮಾನದಲ್ಲಿ ಮೊದಲು ಮೂರು ಕಡೆ ನೋಡು ಅಂತ ನಮಗೆ ಹೇಳುತ್ತಿದ್ದರು: ರೆಕ್ಕೆ ಮಡಚುವ ಜಾಗ, ಹುಕ್ಕು, ಚಕ್ರದ ಕಾಲು. ನೀವು ಹೇಳಿದ ಬಾಗಿದ ಕಾಲು ಬ್ಯಾರಕುಡಾದ್ದೇ. ನೇತುಹಾಕಿದ ಪುಟ್ಟ ರೆಕ್ಕೆ ಫೇರಿ ಯಂಗ್‌ಮನ್ ಫ್ಲಾಪ್, ಅಂದರೆ ನಿಧಾನವಾಗಿ ಹಾರುವಾಗ ನೆರವಾಗಲು ತಿರುಗಿಸುವ ಪಟ್ಟಿ.

ಅವೆನ್ಯೂ ರೋಡ್ ಓದುಗ

ಸರ್, ನಾನೂ ಬ್ಯಾರಕುಡಾ ಇರಬಹುದು ಅಂದುಕೊಂಡೆ. ಆದರೆ ನನ್ನ ಹತ್ತಿರ ಇರುವ ಪುಸ್ತಕದಲ್ಲಿ ಬ್ಯಾರಕುಡಾದ ಅಡ್ಡಬಾಲ ತುಂಬಾ ಮೇಲಿದೆ. ನೆಟ್ಟ ಬಾಲದ ನೆತ್ತಿಯ ಹತ್ತಿರ, ಕೆಳಗಿನಿಂದ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ನನ್ನ ಫೋಟೋದಲ್ಲಿ ಅಡ್ಡಬಾಲ ಕೆಳಗೆ, ಮೈಗೇ ಸೇರಿದೆ. ಊರುಗೋಲು ಇಲ್ಲವೇ ಇಲ್ಲ. ಅದಕ್ಕೇ ಬೇರೆ ವಿಮಾನ ಅಂತ ಬಿಟ್ಟುಬಿಟ್ಟೆ.

ಶಿವಮೊಗ್ಗ ಏರೋ

ನಾನು ಏರೋನಾಟಿಕ್ಸ್ ಓದುತ್ತಿದ್ದೇನೆ. ‘ಪಿ 17’ ಅಂತ ಶುರುವಾಗುವ ಇನ್ನೊಂದು ನೌಕಾ ಪ್ರೊಟೊಟೈಪ್ ಗೊತ್ತು. ಪಿ 1758, ಜನರಲ್ ಏರ್‌ಕ್ರಾಫ್ಟ್ ಕಂಪನಿಯ ಫ್ಲೀಟ್ ಶ್ಯಾಡೋವರ್. ಆದರೆ ಅದಕ್ಕೆ ನಾಲ್ಕು ಎಂಜಿನ್, ಹಾಗಾಗಿ ಇದಲ್ಲ. ಆದರೂ ಅದರ ಬಗ್ಗೆ ಹೇಳದೆ ಇರಲಾರೆ.

ಅದರ ಕೆಲಸ ಶತ್ರು ಹಡಗುಗಳ ಹಿಂದೆ ರಾತ್ರಿಯಿಡೀ ನಿಧಾನವಾಗಿ ಹಾರುವುದು. ನೌಕಾಪಡೆ ಕೇಳಿದ ವೇಗ 38 ನಾಟ್, ಅಂದರೆ ಗಂಟೆಗೆ ಸುಮಾರು 70 ಕಿಲೋಮೀಟರ್. ನಮ್ಮ ಊರಿನ ಬಸ್ಸು ಅದಕ್ಕಿಂತ ಜೋರಾಗಿ ಹೋಗುತ್ತದೆ. ಅಷ್ಟು ನಿಧಾನಕ್ಕೆ 1,500 ಅಡಿ ಎತ್ತರದಲ್ಲಿ ಆರು ಗಂಟೆ ಇರಬೇಕು. ವಿಮಾನ ನಿಧಾನವಾದರೆ ರೆಕ್ಕೆಗೆ ಗಾಳಿ ಸಾಲದೆ ಬೀಳುತ್ತದೆ. ಅದಕ್ಕೆ ನಾಲ್ಕು ಪುಟಾಣಿ ಎಂಜಿನ್‌ಗಳನ್ನು ರೆಕ್ಕೆಯ ಉದ್ದಕ್ಕೂ ಜೋಡಿಸಿದರು. ಪ್ರೊಪೆಲ್ಲರ್‌ಗಳೇ ರೆಕ್ಕೆಯ ಮೇಲೆ ಗಾಳಿ ಊದುತ್ತಿರುತ್ತವೆ, ರೆಕ್ಕೆಗೆ ಬಲ ಸಿಗುತ್ತದೆ. ಎಂಥ ಯೋಚನೆ ನೋಡಿ! 1940ರ ಮೇ 13ರಂದು ಹಾರಿತು. ಏರ್‌ಸ್ಪೀಡ್ ಕಂಪನಿಯೂ ಇದೇ ಕೆಲಸಕ್ಕೆ ಇನ್ನೊಂದು ಕಟ್ಟಿತ್ತು. ಅಷ್ಟರಲ್ಲಿ ವಿಮಾನದೊಳಗೇ ರಾಡಾರ್ ಇಡುವ ಕಾಲ ಬಂತು. ರಾತ್ರಿ ಕಣ್ಣಿಟ್ಟು ಕಾಯುವ ವಿಮಾನ ಬೇಡವಾಯಿತು, ಎರಡನ್ನೂ ಕೈಬಿಟ್ಟರು. ನಾನು ಅದನ್ನು ನೋಡಿರುವುದು ಫೋಟೋದಲ್ಲಿ ಮಾತ್ರ. ಯಾರೂ ನೋಡಲು ಬೇರೆ ದಾರಿಯೂ ಇಲ್ಲ.

ಕಾರವಾರದ ಕಡಲು

ಮಗಳೇ, ಚೆನ್ನಾಗಿ ಹೇಳಿದೆ. ಆ ಫೋಟೋದಲ್ಲಿ ಮೂತಿ ಪೂರ್ತಿ ಗಾಜು, ನೋಡುಗನಿಗೆ ಕೂರಲು ಮನೆಯ ಜಗುಲಿಯ ಹಾಗೆ ಮಾಡಿದ್ದರು.

ಈಗ ಬಾಲದ ವಿಷಯ. ಅಡ್ಡಬಾಲ ಕೆಳಗಿದೆ ಅಂತ ಓದಿದ ತಕ್ಷಣ ಕುರ್ಚಿಯಿಂದ ಎದ್ದೆ. ಅದೇ ಉತ್ತರ!

ಬ್ಯಾರಕುಡಾದ ಪ್ರೊಟೊಟೈಪ್ ಎರಡು. ಮೊದಲನೆಯದು ಪಿ 1767, ಎರಡನೆಯದು ಪಿ 1770. ಎರಡೂ ‘ಪಿ 17’ ಅಂತಲೇ ಶುರು. ಮೊದಲನೆಯದು 1940ರ ಡಿಸೆಂಬರ್ 7ರಂದು ಹಾರಿತು. ಆಗ ಅದರ ಅಡ್ಡಬಾಲ ಕೆಳಗೇ ಇತ್ತು. ಆ ನೇತಾಡುವ ಫ್ಲಾಪ್‌ಗಳನ್ನು ಮೇಲ್ಮುಖ ಮಾಡಿದರೆ ಡೈವ್ ಹೊಡೆಯುವಾಗ, ಅಂದರೆ ಕಡಿದಾಗಿ ಕೆಳಕ್ಕೆ ಧುಮುಕುವಾಗ, ಬ್ರೇಕ್ ಹಾಗೆ ಕೆಲಸ ಮಾಡುತ್ತಿದ್ದವು. ಹಾಗೆ ಮಾಡಿದಾಗ ಅವುಗಳ ಹಿಂದೆ ಕೆಟ್ಟ ಗಾಳಿ ಏಳುತ್ತಿತ್ತು. ಆ ಗಾಳಿ ಸೀದಾ ಹೋಗಿ ಬಾಲಕ್ಕೆ ಬಡಿಯುತ್ತಿತ್ತು. ಬಾಲವನ್ನು ಗಾಳಿಯ ದಾರಿಯಿಂದ ಎತ್ತಿ ಮೇಲೆ ಇಟ್ಟು, ಊರುಗೋಲು ಕೊಟ್ಟರು. ಎರಡನೆಯ ವಿಮಾನ 1941ರ ಜೂನ್ 29ರಂದು ಹಾರುವಾಗ ಬಾಲ ಮೇಲಿತ್ತು. ಆಮೇಲೆ ಕಟ್ಟಿದ ಎಲ್ಲಾ ಬ್ಯಾರಕುಡಾಗಳೂ ಹಾಗೇ.

ಅಂದರೆ ನಿಮ್ಮ ಕೈಯಲ್ಲಿರುವುದು ಪಿ 1767, ಬಾಲ ಎತ್ತುವ ಮೊದಲಿನದು. ಸರ್, ಆ ಮಡಿಕೆಯ ಕೆಳಗೆ ಹೋಗಿರುವ ಅಂಕಿ 67.

ಅವೆನ್ಯೂ ರೋಡ್ ಓದುಗ

ಕೈ ನಡುಗುತ್ತಿದೆ. ಮಡಿಕೆಯ ಬಲತುದಿಯಲ್ಲಿ ಒಂದು ಅಡ್ಡಗೀಟು ಉಳಿದಿದೆ, ಅದರಿಂದ ಕೆಳಕ್ಕೆ ಓರೆಯಾಗಿ ಒಂದು ಗೆರೆ. ಇಲ್ಲಿಯ ತನಕ ಗೀರು ಅಂದುಕೊಂಡಿದ್ದೆ. 7ರ ತಲೆ ಅದು! ಸೊನ್ನೆಗೆ ಹಾಗೆ ಗೀಟು ಬರುವುದಿಲ್ಲ.

ಬಣ್ಣದ ಲೋಕ

ಅಭಿನಂದನೆ ಸರ್. ನಿಮ್ಮ ಫೋಟೋವನ್ನು ಒಂದು ಆ್ಯಪ್‌ಗೆ ಹಾಕಿ ಬಣ್ಣ ತುಂಬಿಸಿದ್ದೇನೆ, ಕೆಳಗೆ ಹಾಕಿದ್ದೇನೆ. ಆಕಾಶ, ಹುಲ್ಲು ಎಲ್ಲಾ ಜೀವಂತ ಬಂದಿದೆ. ಈಗಿನ ಹುಡುಗರು ಕಪ್ಪು ಬಿಳುಪು ನೋಡುವುದಿಲ್ಲ, ಹೀಗಾದರೆ ನೋಡುತ್ತಾರೆ.

ತುಮಕೂರು ಡಾರ್ಕ್‌ರೂಮ್

ನಿಮ್ಮ ಆಸೆ ಅರ್ಥವಾಗುತ್ತದೆ ಸರ್. ಆದರೆ ಒಂದು ಸಲ ಹೊಟ್ಟೆ ನೋಡಿ. ಆ್ಯಪ್ ಅದನ್ನು ಕಪ್ಪಾಗಿಯೇ ಉಳಿಸಿದೆ. ದುಂಡು ಗುರುತಿನ ಹೊರಬಳೆಯೂ ಕಪ್ಪು. ಒಳಗಿನ ನೀಲಿ ಬಳೆಗೆ ಬೂದಿ ಬಣ್ಣ. ಆ್ಯಪ್‌ಗೆ ಗೊತ್ತಿರುವುದು ಬೆಳಕು ನೆರಳು ಮಾತ್ರ. ಯಾವ ಫಿಲ್ಮ್ ಅಂತ ಅದಕ್ಕೆ ಗೊತ್ತಿಲ್ಲ.

ನಾಳೆ ಈ ಬಣ್ಣದ ಚಿತ್ರ ಹತ್ತು ಗುಂಪಿಗೆ ಹೋಗುತ್ತದೆ. ಅದನ್ನು ನೋಡಿ ಯಾರೋ ಮಾಡೆಲ್ ಕಟ್ಟಿ ಹೊಟ್ಟೆಗೆ ಕಪ್ಪು ಹಚ್ಚುತ್ತಾರೆ. ಇನ್ಯಾರೋ ಬ್ಯಾರಕುಡಾ ರಾತ್ರಿ ವಿಮಾನ ಅಂತ ಬರೆಯುತ್ತಾರೆ. ಬೂದು ಬಣ್ಣದಲ್ಲಿ ಒಂದು ಸುಳಿವು ಇತ್ತು, ಕಾಯುತ್ತಿತ್ತು. ಬಣ್ಣ ಹಾಕಿದ ಮೇಲೆ ಆ ಸುಳಿವು ಹೋಯಿತು. ನನಗೆ ನಿಜವಾಗಿ ಬೇಜಾರಾಗುವುದು ಇದಕ್ಕೇ.

ಬಣ್ಣದ ಲೋಕ

ಇದು ನನಗೆ ಹೊಳೆದಿರಲಿಲ್ಲ ಮೇಡಂ. ಚಿತ್ರ ತೆಗೆದುಹಾಕಿದೆ. ಕೈಯಲ್ಲೇ ಸರಿಯಾಗಿ ಬಣ್ಣ ತುಂಬಿದರೆ ಪರವಾಗಿಲ್ವಾ? ಹೊಟ್ಟೆಗೆ ಹಳದಿ ಹಾಕಿ, ಪಕ್ಕದಲ್ಲೇ ಮೂಲ ಫೋಟೋ ಇಟ್ಟು, ಬಣ್ಣ ನಾನು ತುಂಬಿದ್ದು ಅಂತ ಬರೆಯುತ್ತೇನೆ.

ತುಮಕೂರು ಡಾರ್ಕ್‌ರೂಮ್

ಹಾಗೆ ಮಾಡಿದರೆ ಖಂಡಿತ ಪರವಾಗಿಲ್ಲ. ನಾನೇ ಮೊದಲು ನೋಡುತ್ತೇನೆ.

ಬ್ರಿಸ್ಟಲ್ ಕನ್ನಡತಿ

ತಡವಾಗಿ ಬಂದೆ. ಮೂರು ದಿನದ ಮಾತು ಒಂದೇ ಉಸಿರಿಗೆ ಓದಿದೆ. ನಮ್ಮ ಮನೆಯಿಂದ ಯೋವಿಲ್ಟನ್ ದೂರ ಇಲ್ಲ, ಅಲ್ಲಿ ಬ್ರಿಟಿಷ್ ನೌಕಾಪಡೆಯ ವಿಮಾನ ವಿಭಾಗವಾದ ಫ್ಲೀಟ್ ಏರ್ ಆರ್ಮ್‌ನ ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ.

ಒಂದು ಸಂಗತಿ ನಿಮಗೆಲ್ಲ ಗೊತ್ತಿರಲಿ. ಬ್ಯಾರಕುಡಾ ಸುಮಾರು 2,600 ಕಟ್ಟಿದರು. 1944ರ ಏಪ್ರಿಲ್ 3ರಂದು ನಾರ್ವೆಯ ಕೊಲ್ಲಿಯಲ್ಲಿ ಅಡಗಿದ್ದ ಜರ್ಮನ್ ಯುದ್ಧನೌಕೆ ಟಿರ್ಪಿಟ್ಸ್ ಮೇಲೆ ಬಾಂಬ್ ಹಾಕಿದ್ದು ಇವೇ. ಇವತ್ತು ಇಡೀ ಜಗತ್ತಿನಲ್ಲಿ ಪೂರ್ತಿಯಾಗಿ ಉಳಿದ ಬ್ಯಾರಕುಡಾ ಒಂದೂ ಇಲ್ಲ. ಬೀಳದೆ ಉಳಿದಿದ್ದವು ಗುಜರಿಗೆ ಹೋದವು. ಉತ್ತರ ಐರ್ಲೆಂಡಿನ ಕೆಸರಿನಲ್ಲಿ ಬಿದ್ದಿದ್ದ ಡಿಪಿ 872 ಅನ್ನುವ ಒಂದು ವಿಮಾನದ ಚೂರುಗಳನ್ನು 1971ರಲ್ಲಿ ಎತ್ತಿ ತಂದರು. ಬೇರೆ ಕಡೆ ಸಿಕ್ಕ ಚೂರುಗಳನ್ನೂ ಸೇರಿಸಿ ಮತ್ತೆ ಒಂದು ರೂಪಕ್ಕೆ ತರುವ ಕೆಲಸವನ್ನು ಆ ಮ್ಯೂಸಿಯಂ ಕೈಗೆತ್ತಿಕೊಂಡಿದೆ. ಎಲ್ಲಾ ವಿಮಾನವೂ ಹೋದ ಮೇಲೆ ಹಳೇ ಫೋಟೋಗೆ ಎಷ್ಟು ಬೆಲೆ ಅಂತ ಯೋಚಿಸಿ. ಯಾವ ತಗಡು ಎಲ್ಲಿ ಕೂರುತ್ತಿತ್ತು ಅಂತ ಅದೇ ಹೇಳಬೇಕು.

ನಿಮ್ಮ ಎರಡನೇ ಫೋಟೋದ ಸೀ ವ್ಯಾಂಪೈರ್ ಮಾತ್ರ ಅಲ್ಲಿ ಇದೆ! ಎಲ್‌ಝಡ್ 551. 1945ರ ಡಿಸೆಂಬರ್ 3ರಂದು ನೌಕಾಪಡೆಯ ಪೈಲಟ್ ಎರಿಕ್ ಬ್ರೌನ್ ಅದನ್ನು ಎಚ್‌ಎಂಎಸ್ ಓಷನ್ ಅನ್ನುವ ಹಡಗಿನ ಮೇಲೆ ಇಳಿಸಿದರು. ಜೆಟ್ ವಿಮಾನವೊಂದು ಹಡಗಿಗಾಗಿಯೇ ಸಜ್ಜಾಗಿ ಬಂದು ಡೆಕ್ ಮೇಲೆ ಇಳಿದದ್ದು ಅದೇ ಮೊದಲು. ಅವರೇ 1944ರ ಮಾರ್ಚ್ 25ರಂದು ಎರಡು ಎಂಜಿನ್‌ನ ಮಸ್ಕಿಟೊವನ್ನು ಎಚ್‌ಎಂಎಸ್ ಇಂಡಿಫ್ಯಾಟಿಗಬಲ್ ಮೇಲೆ ಇಳಿಸಿದ್ದರು. ಜೀವಮಾನದಲ್ಲಿ 487 ಬಗೆಯ ವಿಮಾನ ಹಾರಿಸಿದ ಮನುಷ್ಯ. ಸೀ ವ್ಯಾಂಪೈರ್ ಮುಂದೆ ನಿಂತರೆ ಅಚ್ಚರಿಯಾಗುತ್ತದೆ, ಅಷ್ಟು ಚಿಕ್ಕದು. ನನ್ನ ಮಗ ಅದರ ಮೂತಿಗೂ ತನ್ನ ಎತ್ತರಕ್ಕೂ ಹೋಲಿಸಿ ನೋಡುತ್ತಿದ್ದ.

ಅವೆನ್ಯೂ ರೋಡ್ ಓದುಗ

ಅಕ್ಕ, ಫೈರ್‌ಫ್ಲೈ ಬಗ್ಗೆಯೂ ಏನಾದರೂ ಹೇಳಿ. ಈ ಫೋಟೋ ಪ್ರೊಟೊಟೈಪ್ ಅಲ್ಲ, ಹೊಟ್ಟೆ ತಿಳಿ ಬಣ್ಣ.

ಬ್ರಿಸ್ಟಲ್ ಕನ್ನಡತಿ

ಬೆಂಗಳೂರಿನಿಂದ ಲಂಡನ್‌ಗೆ ಬಂದು ಹೀಥ್ರೋದಲ್ಲಿ ಇಳಿಯುತ್ತೇವಲ್ಲ, ಯುದ್ಧದ ಕಾಲದಲ್ಲಿ ಅಲ್ಲಿ ಫೇರಿ ಕಂಪನಿಯದೇ ಹುಲ್ಲಿನ ಮೈದಾನ ಇತ್ತು. ಗ್ರೇಟ್ ವೆಸ್ಟ್ ಏರೋಡ್ರೋಮ್ ಅಂತ ಹೆಸರು. ಫೈರ್‌ಫ್ಲೈ ಮೊದಲು ಹಾರಿದ್ದು ಅಲ್ಲಿಂದ, 1941ರ ಡಿಸೆಂಬರ್ 22ರಂದು. ಹಾರಿಸಿದವರು ಕ್ರಿಸ್ ಸ್ಟಾನಿಲ್ಯಾಂಡ್, ಕಾರ್ ರೇಸ್‌ಗೂ ಹೆಸರಾದವರು. ಆರು ತಿಂಗಳಿಗೆ, 1942ರ ಜೂನ್ 26ರಂದು, ಎರಡನೇ ಫೈರ್‌ಫ್ಲೈ ಪ್ರೊಟೊಟೈಪ್ ಬಿದ್ದು ಅವರು ತೀರಿಕೊಂಡರು. 1944ರಲ್ಲಿ ಸರ್ಕಾರ ಆ ಮೈದಾನವನ್ನು ಫೇರಿಯವರಿಂದ ತೆಗೆದುಕೊಂಡಿತು. ಅದೇ ಆಮೇಲೆ ದೊಡ್ಡ ವಿಮಾನ ನಿಲ್ದಾಣವಾಯಿತು.

ಕಾರವಾರದ ಕಡಲು

ಫೈರ್‌ಫ್ಲೈ ನೋಡಲು ಲಂಡನ್ ತನಕ ಹೋಗಬೇಕಾಗಿಲ್ಲ. ನಮ್ಮ ನೌಕಾಪಡೆಯೂ 1950ರ ದಶಕದಲ್ಲಿ ಫೈರ್‌ಫ್ಲೈ ತರಿಸಿತ್ತು. ಯುದ್ಧಕ್ಕಲ್ಲ, ಗನ್ನಿನವರ ಅಭ್ಯಾಸಕ್ಕೆ ಗುರಿ ಎಳೆದುಕೊಂಡು ಹಾರಲು. ಒಂದು ಗೋವಾದ ದಾಬೋಲಿಂನಲ್ಲಿರುವ ನೌಕಾ ವಿಮಾನ ಮ್ಯೂಸಿಯಂನಲ್ಲಿದೆ. ಕಾರವಾರದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ನೋಡಿಕೊಂಡು ಬರಬಹುದು. ಅದರ ರೆಕ್ಕೆಯ ಬುಡದ ಹತ್ತಿರ ನಿಂತು ಮಡಚುವ ಕೀಲು ಎಲ್ಲಿದೆ ಅಂತ ಹುಡುಕಿ. ಮಳೆಯಲ್ಲಿ, ಅಲುಗಾಡುವ ಡೆಕ್ ಮೇಲೆ, ಹುಡುಗರು ಆ ರೆಕ್ಕೆಯನ್ನು ಕೈಯಿಂದ ತಳ್ಳಿ ಮಡಚುತ್ತಿದ್ದರು. ಆ ಭಾರ ಫೋಟೋದಲ್ಲಿ ಗೊತ್ತಾಗುವುದಿಲ್ಲ.

ಮಾರತ್ತಹಳ್ಳಿ ಹಿರಿಯ

ಸ್ಟಾನಿಲ್ಯಾಂಡ್ ಹೆಸರು ಓದಿ ಬರೆಯಬೇಕು ಅನಿಸಿತು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕಿರಣ್ ತರಬೇತಿ ವಿಮಾನದ ಇಜೆಕ್ಷನ್ ಸೀಟಿನ, ಅಂದರೆ ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಸೀಟಿನ ಕೆಲಸ ಮಾಡಿ ನಿವೃತ್ತನಾದವನು ನಾನು. ಆ ಸೀಟು ಮಾರ್ಟಿನ್ ಬೇಕರ್ ಕಂಪನಿಯದು.

ನಮ್ಮ ಕೆಲಸದ ಮೇಜಿನ ಎದುರು ಒಂದು ಹಳೇ ಫೋಟೋ ಅಂಟಿಸಿದ್ದರು, ಮಾರ್ಟಿನ್ ಬೇಕರ್ ಎಂಬಿ 3. ಯುದ್ಧಕಾಲದ ಪ್ರೊಟೊಟೈಪ್, ಒಂದೇ ಒಂದು ಕಟ್ಟಿದ್ದು. 1942ರ ಆಗಸ್ಟ್ 31ರಂದು ಮೊದಲು ಹಾರಿತು. ಸೆಪ್ಟೆಂಬರ್ 12ರಂದು ಮೇಲೇರಿದ ಕೂಡಲೇ ಎಂಜಿನ್ ಕೈಕೊಟ್ಟಿತು. ಹಾರಿಸುತ್ತಿದ್ದವರು ಕಂಪನಿಯ ಪಾಲುದಾರ, ಕ್ಯಾಪ್ಟನ್ ವ್ಯಾಲೆಂಟೈನ್ ಬೇಕರ್. ಉಳಿಯಲಿಲ್ಲ. ಅವರ ಗೆಳೆಯ ಜೇಮ್ಸ್ ಮಾರ್ಟಿನ್ ಅದನ್ನು ಮನಸ್ಸಿಗೆ ತುಂಬಾ ಹಚ್ಚಿಕೊಂಡರು. ಪೈಲಟ್ ಜೀವ ಉಳಿಸುವುದೇ ಅವರ ಚಿಂತೆಯಾಯಿತು. 1946ರ ಜುಲೈ 24ರಂದು ಬರ್ನಾರ್ಡ್ ಲಿಂಚ್ ಅನ್ನುವವರು ಹಾರುತ್ತಿದ್ದ ಮೀಟಿಯರ್ ಜೆಟ್‌ನಿಂದ ಆ ಕಂಪನಿಯ ಸೀಟಿನಲ್ಲಿ ಹೊರಗೆ ಚಿಮ್ಮಿ ಕ್ಷೇಮವಾಗಿ ಇಳಿದರು. ಇವತ್ತು ನಮ್ಮ ತೇಜಸ್ ಪೈಲಟ್ ಕೂರುವುದೂ ಮಾರ್ಟಿನ್ ಬೇಕರ್ ಸೀಟಿನಲ್ಲೇ.

ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ನಮ್ಮ ಮೇಸ್ತ್ರಿ ಆ ಫೋಟೋ ಕಡೆ ಒಮ್ಮೆ ನೋಡಿ, ಆಮೇಲೆ ಸೀಟಿನ ಪಿನ್ ಮುಟ್ಟುತ್ತಿದ್ದರು. ನಾವೂ ಅದನ್ನೇ ಕಲಿತೆವು.

ಶಿವಮೊಗ್ಗ ಏರೋ

ಅಂಕಲ್, ಇದನ್ನು ಯಾವ ಪಾಠದಲ್ಲೂ ಯಾರೂ ನನಗೆ ಹೇಳಿರಲಿಲ್ಲ. ಥ್ಯಾಂಕ್ಸ್.

ತುಮಕೂರು ಡಾರ್ಕ್‌ರೂಮ್

ಅಣ್ಣ, ಈಗ ಫೋಟೋ ಕಾಪಾಡುವ ವಿಷಯ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಆ ಬಿಸಿ, ಅಂಟು ಎರಡೂ ಕೆಟ್ಟವು. ಮಡಿಕೆಗೆ ಸೆಲೋಟೇಪ್ ಹಚ್ಚಬೇಡಿ. ಬರಿಗೈಯಲ್ಲಿ ಮುಖ ಮುಟ್ಟದೆ ಅಂಚಿನಲ್ಲಿ ಹಿಡಿಯಿರಿ. ಸ್ಕ್ಯಾನ್ ಮಾಡುವಾಗ 1200 ಡಿಪಿಐ ಇಡಿ, ಟಿಫ್ ಫೈಲ್ ಆಗಿ ಉಳಿಸಿ. ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಎಷ್ಟೋ ಸಲ ಮುಂದಿಗಿಂತ ಹಿಂದೆಯೇ ಜಾಸ್ತಿ ಮಾಹಿತಿ ಇರುತ್ತದೆ, ಸೀಲು, ಪೆನ್ಸಿಲ್ ಅಂಕಿ, ಎಲ್ಲಾ. ಹೆಸರು ಬರೆಯಬೇಕಾದರೆ ಲಕೋಟೆಯ ಮೇಲೆ ಬರೆಯಿರಿ, ಫೋಟೋ ಹಾಕುವ ಮೊದಲೇ. ಬಾಲ್‌ಪೆನ್ ಒತ್ತಿದರೆ ಈ ಕಡೆ ಗೆರೆ ಮೂಡುತ್ತದೆ.

ಬ್ರಿಸ್ಟಲ್ ಕನ್ನಡತಿ

ಹಿಂದೆ ಕ್ರೌನ್ ಕಾಪಿರೈಟ್ ಅಂತ ಸೀಲು ಇದ್ದರೆ ಹೇಳಿ. ಬ್ರಿಟಿಷ್ ಸರ್ಕಾರಕ್ಕಾಗಿ 1957ರ ಜೂನ್‌ಗೆ ಮುಂಚೆ ತೆಗೆದ ಫೋಟೋಗಳ ಹಕ್ಕು 50 ವರ್ಷಕ್ಕೆ ಮುಗಿದಿದೆ, ಯಾರು ಬೇಕಾದರೂ ಹಂಚಿಕೊಳ್ಳಬಹುದು. ಕಂಪನಿಯ ಫೋಟೋಗ್ರಾಫರ್ ತೆಗೆದದ್ದಾದರೆ ಲೆಕ್ಕ ಬೇರೆ.

ಅವೆನ್ಯೂ ರೋಡ್ ಓದುಗ

ಹಿಂದೆ ಸೀಲು ಇಲ್ಲ. ಒಂದು ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ 3 ಅಂತ ಇದೆ, ಅಷ್ಟೇ. ಅಂದರೆ 1, 2 ಕೂಡ ಎಲ್ಲೋ ಇದ್ದವು. ಮುಂದಿನ ಭಾನುವಾರ ಅದೇ ಅಂಗಡಿಗೆ ಹೋಗುತ್ತೇನೆ, ಆ ಡಿಕ್ಷನರಿ ಬಂದ ಮೂಟೆಯಲ್ಲಿ ಇನ್ನೇನಿತ್ತು ಅಂತ ಕೇಳುತ್ತೇನೆ.

ಸ್ಕ್ಯಾನ್ ಆಯಿತು. ಹೊಸ ಲಕೋಟೆ ತಂದು, ಫೋಟೋ ಒಳಗೆ ಇಡುವ ಮೊದಲು ಮೆತ್ತಗಿನ ಪೆನ್ಸಿಲ್‌ನಲ್ಲಿ ಹೀಗೆ ಬರೆದೆ:

ಫೇರಿ ಬ್ಯಾರಕುಡಾ. ಪಿ 1767, ಮೊದಲ ಪ್ರೊಟೊಟೈಪ್. ಬಾಲ ಎತ್ತುವ ಮೊದಲು. ಆರ್ಥೊ ಫಿಲ್ಮ್. ಹೊಟ್ಟೆ ಹಳದಿ.